ಆರು ಕುರಿ ಎಂದು ಬರೆದವಳು

ನಮ್ಮ ಮನೆಯಲ್ಲಿ ಕುರಿ ಎಣಿಸುವಂತಿಲ್ಲ. ಬೆರಳು ತೋರಿಸಿ ಎಣಿಸಿದರೆ ಮಂದೆಗೆ ದೃಷ್ಟಿ ತಗಲುತ್ತದೆ, ಬಾಯಲ್ಲಿ ಅಂಕಿ ಬಂತೆಂದರೆ ಹಟ್ಟಿಯಲ್ಲಿ ಕುರಿ ಕಡಿಮೆಯಾಗುತ್ತದೆ ಎಂಬುದು ಜಹೀರಾಬಾದ್ ಸುತ್ತಲಿನ ನಮ್ಮಂಥ ಕುರಿಗಾರರ ಮನೆಗಳ ನಂಬಿಕೆ. ಎರಡನೆಯ ತರಗತಿಯಲ್ಲಿ ನೂರರ ತನಕ ಕಲಿತ ದಿನ, ಆ ವಿದ್ಯೆಯನ್ನು ಎಲ್ಲಿ ಖರ್ಚು ಮಾಡಬೇಕೆಂದು ತಿಳಿಯದೆ ಹಟ್ಟಿಯ ಮುಂದೆ ನಿಂತು ಜೋರಾಗಿ ಎಣಿಸತೊಡಗಿದ್ದೆ. ಹದಿನೇಳಕ್ಕೆ ಬರುವಷ್ಟರಲ್ಲಿ ಅಜ್ಜಿ ಓಡಿಬಂದು ಬೆರಳಿಗೆ ಪೆಟ್ಟು ಕೊಟ್ಟಳು. ಆಮೇಲೆ ಉಪ್ಪು, ಮೆಣಸಿನಕಾಯಿ ಹಿಡಿದು ಕುರಿಗಳಿಗೆ ನಿವಾಳಿಸಿದಳು, ಪೆಟ್ಟು ತಿಂದ ನನಗಲ್ಲ. ಆ ಪಕ್ಷಪಾತವನ್ನು ನಾನು ಇವತ್ತಿಗೂ ಮರೆತಿಲ್ಲ.

ಕುರಿ ಎಷ್ಟಿವೆ ಎಂದು ಯಾರೇ ಕೇಳಲಿ, ಅಪ್ಪನ ಉತ್ತರ ಒಂದೇ: “ಅದಾವ್ರೀ ನಾಕಾರು.” ಕೇಳಿದವರು ನಮ್ಮ ಪೈಕಿಯವರಾದರೆ ನಕ್ಕು ಸುಮ್ಮನಾಗುತ್ತಿದ್ದರು. ಸಂಜೆ ಕುರಿಗಳು ಹಟ್ಟಿಯೊಳಗೆ ಹೋಗುವಾಗ ಅಪ್ಪ ಬಾಗಿಲಲ್ಲಿ ನಿಂತು ಒಂದೊಂದರ ಮುಖ ನೋಡುತ್ತಿದ್ದ. ಕೊನೆಯದು ಒಳಗೆ ಹೋದ ಮೇಲೆ, “ಕಿವಿಹರಕಿ ಬಂದಿಲ್ಲ ನೋಡು” ಎಂದು ಹೇಳಿ ಹುಡುಕಲು ಹೊರಟುಬಿಡುತ್ತಿದ್ದ. ಹಾಗಾಗಿ ಅಪ್ಪನಿಗೆ ತನ್ನ ಕುರಿಗಳ ಸಂಖ್ಯೆ ನಿಜವಾಗಿಯೂ ಗೊತ್ತಿಲ್ಲ ಎಂದೇ ನಾನು ನಂಬಿದ್ದೆ.

ನಾನು ಪದವಿ ಮುಗಿಸಿದ ವರ್ಷ ನಮ್ಮ ಕಡೆ ಕಾರ್ಖಾನೆಗಳಿಗೆ ಜಾಗ ಹುಡುಕುವ ಸಡಗರ ಶುರುವಾಗಿತ್ತು. ಜಹೀರಾಬಾದಿನಲ್ಲಿ ಅದಕ್ಕೆಂದೇ ಒಂದು ಸಣ್ಣ ಕಚೇರಿ ತೆರೆದಿದ್ದರು. ಊರೂರು ತಿರುಗಿ ಮನೆಮನೆಯ ಲೆಕ್ಕ ಬರೆದುಕೊಳ್ಳಲು ಅವರಿಗೆ ಭಾಷೆ ಬಲ್ಲವರು ಬೇಕಿತ್ತು. ನಮ್ಮ ಸೀಮೆಯಲ್ಲಿ ಮನೆಯೊಳಗೆ ಕನ್ನಡ, ಕಚೇರಿಯಲ್ಲಿ ತೆಲುಗು, ಬಜಾರಿನಲ್ಲಿ ದಖನಿ ಉರ್ದು. ಮೂರೂ ಬರುವ, ಕೈಬರಹ ಚೆನ್ನಾಗಿರುವ, ಕೆಲಸವಿಲ್ಲದ ಹುಡುಗಿ ಬೇಕೆಂದರೆ ನಾನು ಸಿಕ್ಕದೆ ಇರುತ್ತೇನೆಯೇ. ತಾತ್ಕಾಲಿಕ ನೌಕರಿ. ಕೊರಳಲ್ಲಿ ಗುರುತಿನ ಚೀಟಿ ನೇತುಹಾಕಿಕೊಂಡು ಮೊದಲ ದಿನ ಬಸ್ಸು ಹತ್ತಿದಾಗ ಕಂಡಕ್ಟರ್ ಕೂಡ ನನ್ನನ್ನು ಮೇಡಂ ಎಂದ.

ಕೈಯಲ್ಲಿದ್ದ ನಮೂನೆಯಲ್ಲಿ ಹೊಲ, ಬಾವಿ, ಮನೆ, ಓದಿದವರು ಎಂದೆಲ್ಲ ಕೇಳಿ ಕೊನೆಗೆ ಜಾನುವಾರುಗಳ ಅಂಕಣವಿತ್ತು. ಊರಿನ ಗಾಯರಾಣ, ಅಂದರೆ ದನ-ಕುರಿ ಮೇಯಲು ಹಿಂದಿನಿಂದ ಬಿಟ್ಟಿರುವ ಸರ್ಕಾರಿ ನೆಲ, ಅದರಲ್ಲಿ ಎಷ್ಟನ್ನು ಊರಿಗೆ ಉಳಿಸಬೇಕು, ಎಷ್ಟನ್ನು ಕಂಪನಿಗಳಿಗೆ ಕೊಡಬಹುದು ಎಂಬುದು ಆ ಅಂಕಣದ ಮೇಲೆಯೇ ನಿಶ್ಚಯವಾಗುತ್ತಿತ್ತು. ಇದನ್ನು ನಮಗೆ ತರಬೇತಿಯಲ್ಲಿ ಹೇಳಿದ್ದರು. ನಾನು ಕೇಳಿಸಿಕೊಂಡೂ ಇದ್ದೆ. ಗೊತ್ತಿರಲಿಲ್ಲ ಎಂದು ಈಗ ಹೇಳಿದರೆ ಅದು ಸುಳ್ಳಾಗುತ್ತದೆ.

ನಮ್ಮ ಊರು ನಾರಾಯಣಖೇಡದ ದಾರಿಯಲ್ಲಿ, ಹೆದ್ದಾರಿಗೆ ಹತ್ತಿರದಲ್ಲೇ ಇದೆ. ಅಲ್ಲಿಗೂ ನನ್ನನ್ನೇ ಕಳಿಸಿದರು. ನಮ್ಮ ಮನೆಯಂಗಳದ ಹೊರಸಿನ ಮೇಲೆ ನಾನೇ ಅಧಿಕಾರಿಯಾಗಿ ಕುಳಿತು, ನನ್ನ ಅಪ್ಪನಿಗೇ ಹೆಸರು, ವಯಸ್ಸು, ಮಕ್ಕಳೆಷ್ಟು ಎಂದು ಕೇಳುತ್ತ ಹೋದೆ. ಅಪ್ಪನಿಗೆ ಭಾರೀ ಹೆಮ್ಮೆ. ಎಲ್ಲಕ್ಕೂ “ಬರಕೊಳ್ರಿ ಮೇಡಂ” ಎನ್ನುತ್ತಿದ್ದ. ಕೊನೆಗೆ ಕುರಿ ಎಷ್ಟು ಎಂದೆ.

“ಅದಾವ ನಾಕಾರು.”

“ಅಪ್ಪಾ, ಇದು ಸರ್ಕಾರಿ ಕಾಗದ. ಅಂಕಿ ಹೇಳಬೇಕು.”

“ಹೇಳಿದ್ನೆಲ್ಲವಾ. ನಾಕಾರು.”

ಹಟ್ಟಿ ಹತ್ತು ಹೆಜ್ಜೆ ದೂರದಲ್ಲಿತ್ತು. ಒಳಗಿನ ಗದ್ದಲ ಕೇಳಿದರೆ ಕುರುಡರಿಗೂ ಅದು ನಾಲ್ಕಾರು ಕುರಿಗಳ ಸದ್ದಲ್ಲ ಎಂದು ತಿಳಿಯುತ್ತಿತ್ತು. ಕತ್ತು ಹೊರಳಿಸಿದ್ದರೆ ಅಂದಾಜಿಗೆ ಇನ್ನೂರು ಎಂದು ಬರೆಯಬಹುದಿತ್ತು. ನಾನು ಹೊರಳಿಸಲಿಲ್ಲ. ಪದವಿ ಪಡೆದು ಬಂದವಳಿಗೆ ದೃಷ್ಟಿಯ ಭಯ ಎಂದರೆ ನಗುತ್ತೀರಿ, ಆದರೆ ಖರೇ ಹೇಳುತ್ತೇನೆ, ಆ ಅಂಕಿ ಬರೆಯಲು ನನ್ನ ಕೈ ಏಳಲಿಲ್ಲ. ಆರು ಎಂದು ಬರೆದೆ. ಕುರಿ ಸಾಕುವ ಇನ್ನುಳಿದ ಹತ್ತು ಮನೆಗಳಲ್ಲಿಯೂ ಅದೇ ಉತ್ತರ ಬಂತು: ನಾಕಾರು, ಒಂದೀಟು, ದೇವರು ಕೊಟ್ಟಷ್ಟು. ದೇವರು ಕೊಟ್ಟಷ್ಟನ್ನು ಐದು ಎಂದು ಬರೆದೆ. ಸಂಜೆಯ ಹೊತ್ತಿಗೆ ಊರು ಮುಗಿದಿತ್ತು, ಅಮ್ಮ ಮಾಡಿದ ಜೋಳದ ರೊಟ್ಟಿ, ಪುಂಡಿಪಲ್ಯ ತಿಂದು ಆರಾಮಾಗಿ ಮಲಗಿದೆ.

ಕೆಲಸ ಚೆನ್ನಾಗಿ ಮಾಡಿದೆನೆಂದು ಅದೇ ಕಚೇರಿಯಲ್ಲಿ ಟೈಪಿಂಗಿಗೆ ಇಟ್ಟುಕೊಂಡರು. ಅಲ್ಲಿ ಕುಳಿತ ಮೇಲೆಯೇ ನನಗೆ ಊರುಗಳು ಕಂಪನಿಗಳನ್ನು ತಮ್ಮ ಕಡೆಗೆ ಹೇಗೆ ಕರೆಸಿಕೊಳ್ಳುತ್ತವೆ ಎಂಬುದು ತಿಳಿದದ್ದು. ನೇರವಾಗಿ ಹೇಳುವುದಾದರೆ ಅದು ಹೆಣ್ಣು ತೋರಿಸುವ ಶಾಸ್ತ್ರ. ಗಂಡಿನ ಕಡೆಯವರು ಕಾರಿನಲ್ಲಿ ಬರುತ್ತಾರೆ. ಹೆಣ್ಣಿನ ಕಡೆಯವರು ಉಪ್ಪಿಟ್ಟು-ಚಹಾ ಕೊಟ್ಟು ನಕ್ಷೆ ಬಿಡಿಸುತ್ತಾರೆ. ನೆಲ ಅಗ್ಗದ ದರಕ್ಕೆ, ನೋಂದಣಿಯ ಶುಲ್ಕ ಮಾಫಿ, ಗೇಟಿನ ತನಕ ಡಾಂಬರು ರಸ್ತೆ, ನೀರಿನ ಪೈಪು ನಮ್ಮದೇ ಖರ್ಚಿನಲ್ಲಿ, ಕರೆಂಟಿಗೆ ಕೆಲವು ವರ್ಷ ರಿಯಾಯಿತಿ. ಗಂಡಿನವರು ಮೀಸೆ ತಿರುವುತ್ತ, “ಬೀದರಿನವರು ಇನ್ನೂ ಏನೋ ಕೊಡ್ತೀವಿ ಅಂದಿದ್ದಾರೆ” ಎನ್ನುತ್ತಾರೆ. ಬೀದರ್ ನಮಗೆ ಕೂಗಳತೆಯ ದೂರ, ರಾಜ್ಯ ಮಾತ್ರ ಬೇರೆ. ಆ ಮಾತು ಕೇಳಿದೊಡನೆ ನಮ್ಮವರು ಇನ್ನೊಂದು ವರ್ಷದ ರಿಯಾಯಿತಿ ಸೇರಿಸುತ್ತಾರೆ. ಕೊಟ್ಟವ ಕೋಡಂಗಿ, ಇಸ್ಕೊಂಡವ ಈರಭದ್ರ ಎಂದು ನಾನು ಮನಸ್ಸಿನಲ್ಲಿಯೇ ಅಂದುಕೊಂಡು ಟೈಪ್ ಮಾಡುತ್ತಿದ್ದೆ.

ನಾನು ಕಾರ್ಖಾನೆಗಳ ವೈರಿಯೇನಲ್ಲ. ಹೆದ್ದಾರಿಯ ಬದಿಯ ಕಾರ್ಖಾನೆಗಳಿಂದಲೇ ನಮ್ಮ ಊರಿನ ಎಷ್ಟೋ ಮನೆಗಳಲ್ಲಿ ಒಲೆ ಉರಿಯುತ್ತಿದೆ. ಊರಿಗೆ ಉದ್ಯೋಗ ಬೇಕು, ಉದ್ಯೋಗ ಕೊಡುವವನಿಗೆ ಜಾಗ ಬೇಕು. ನಮ್ಮ ಕಚೇರಿಯ ಮೇಡಂ ಕೂಡ ಇದನ್ನೇ ಹೇಳುತ್ತಿದ್ದರು. ಅವರು ಗೋದಾವರಿಯ ಕಡೆಯವರು. ಕಟ್ಟುನಿಟ್ಟಿನ ಹೆಂಗಸು, ಆದರೆ ನ್ಯಾಯವಾಗಿ ನಡೆಯುವವರು. ಕನ್ನಡ ಒಂದಕ್ಷರವೂ ಬಾರದು. “ನಾವು ಕೊಡದಿದ್ದರೆ ಪಕ್ಕದವರು ಕೊಡುತ್ತಾರೆ, ಆಮೇಲೆ ನಮ್ಮ ಹುಡುಗರು ಅಲ್ಲಿಗೆ ಬಸ್ಸು ಹಿಡಿಯುತ್ತಾರೆ” ಎಂಬುದು ಅವರ ಲೆಕ್ಕಾಚಾರ. ಅದರಲ್ಲಿ ತಪ್ಪು ಹುಡುಕಲು ನನಗೆ ಆಗ ಸಾಧ್ಯವಿರಲಿಲ್ಲ, ಈಗಲೂ ಪೂರ್ತಿ ಸಾಧ್ಯವಿಲ್ಲ.

ಒಂದು ಜನವರಿಯಲ್ಲಿ ಯಂತ್ರದ ಬಿಡಿಭಾಗ ಮಾಡುವ ಕಂಪನಿಯೊಂದರವರು ಜಾಗ ನೋಡಲು ಬಂದರು. ಹಿಂದಿನ ದಿನ ಅವರು ತಾಂಡೂರಿಗೆ ಹೋಗಿದ್ದರಂತೆ. ರೈಲು ಇದೆ, ಆದರೆ ಕಲ್ಲುಗಣಿಯ ಧೂಳು ನಮ್ಮ ಯಂತ್ರಕ್ಕೆ ಆಗದು ಎಂದರು. ನಾರಾಯಣಖೇಡದ ಪಕ್ಕದಲ್ಲಿ ತೋರಿಸಿದ ಇನ್ನೊಂದು ಜಾಗ ಹೆದ್ದಾರಿಗೆ ದೂರ ಎಂದರು. ಮೇಡಂ ನುಣುಪು ಕಾಗದದ ಪುಸ್ತಿಕೆಯೊಂದನ್ನು ಮುಂದಿಟ್ಟರು. ಅದರಲ್ಲಿ ಒಂದು ಕೆಂಪುನೆಲದ ಫೋಟೋ, ಅಂಚಿನಲ್ಲಿ ಕೆರೆ. ಕೆಳಗೆ ದಪ್ಪಕ್ಷರದಲ್ಲಿ, ತಕರಾರಿಲ್ಲದ ಜಮೀನು ಎಂದಿತ್ತು. ಅದು ನಮ್ಮ ಊರಿನ ಗಾಯರಾಣವಾಗಿತ್ತು.

ಕಾರಿನಲ್ಲಿ ನನ್ನನ್ನೂ ಕೂರಿಸಿಕೊಂಡು ಹೋದರು. ಮಧ್ಯಾಹ್ನದ ಬಿಸಿಲಿನಲ್ಲಿ ಆ ನೆಲ ಖಾಲಿ ಬಿದ್ದಿತ್ತು, ಒಂದು ಕುರಿಯ ಬಾಲವೂ ಕಾಣಲಿಲ್ಲ. ಕಾಣುವುದಾದರೂ ಹೇಗೆ. ತೊಗರಿ ರಾಶಿಯಾಗುವ ಆ ದಿನಗಳಲ್ಲಿ ನಮ್ಮವರು ಮಂದೆ ಹೊಡೆದುಕೊಂಡು ತಾಂಡೂರಿನ ಕಡೆ ಹೋಗಿರುತ್ತಾರೆ. ಕಟಾವಾದ ಹೊಲಗಳಲ್ಲಿ ಕುರಿ ತರುಬಿದರೆ, ಅಂದರೆ ರಾತ್ರಿ ನಿಲ್ಲಿಸಿದರೆ, ಹೊಲಕ್ಕೆ ಗೊಬ್ಬರ, ಕುರಿಗಾರನಿಗೆ ಹೊಲದವನಿಂದ ಜೋಳ. ಜೂನಿನಲ್ಲಿ ಮಿರಗದ ಮಳೆ ಬಿದ್ದು ಎಲ್ಲ ಹೊಲಗಳಲ್ಲೂ ಬಿತ್ತನೆಯಾದ ಮೇಲೆ ಕುರಿಗೆ ಕಾಲಿಡಲು ಗಾಯರಾಣ ಬಿಟ್ಟರೆ ಬೇರೆ ನೆಲವಿಲ್ಲ. ಆಗ ತಿಂಗಳುಗಟ್ಟಲೆ ಅದೇ ಹುಲ್ಲು, ಅದೇ ಕೆರೆಯ ನೀರು. ಅದು ಹೋಯಿತೆಂದರೆ ಮಳೆಗಾಲಕ್ಕೆ ಮುಂಚೆ ಅಪ್ಪ ಮಂದೆಯನ್ನೇ ಮಾರಬೇಕಾಗುತ್ತಿತ್ತು.

“ಇಲ್ಲಿ ಯಾರೂ ಏನೂ ಮೇಯಿಸುವುದಿಲ್ಲವೇ?” ಎಂದು ಕಂಪನಿಯವನು ಕೇಳಿದ. ಒಳ್ಳೆಯ ಮನುಷ್ಯ, ಕೇಳಬೇಕಾದ್ದನ್ನೇ ಕೇಳಿದ. ಮೇಡಂ ಕಡತ ತೆಗೆದು ಹಾಳೆ ತೋರಿಸಿದರು. “ಊರಿನಲ್ಲಿ ಕುರಿ ಹೆಚ್ಚಿಲ್ಲ. ಎಲ್ಲ ಮನೆ ಸೇರಿ ಐವತ್ತೆಂಟು.” ಹಾಳೆಯ ಮೇಲಿದ್ದ ದುಂಡಕ್ಷರ ನನ್ನದು. ನನ್ನದು ಜೋರು ಬಾಯಿ ಎಂದು ಊರೆಲ್ಲ ಹೇಳುತ್ತಾರೆ, ಅವತ್ತು ಆ ಬಾಯಿ ಎಲ್ಲಿ ಹೋಗಿತ್ತೋ ಏನೋ. ಕಾರಿನ ನೆರಳಿನಲ್ಲಿ ನಿಂತು ನೀರು ಕುಡಿದೆ.

ಒಂದು ವಾರದಲ್ಲಿ ಪಂಚಾಯಿತಿ ಗೋಡೆಗೆ ನೋಟೀಸು ಅಂಟಿತು. ಆಕ್ಷೇಪಣೆ ಇದ್ದವರು ಹನ್ನೆರಡು ದಿನಗಳೊಳಗೆ ಕಚೇರಿಗೆ ಬಂದು ಹೇಳಬೇಕು. ಅದನ್ನು ಟೈಪ್ ಮಾಡಿದವಳೂ ನಾನೇ. ಆಕ್ಷೇಪಣೆ ಇರುವವರೆಲ್ಲ ದೂರದ ಹೊಲಗಳಲ್ಲಿ ಕಂಬಳಿ ಹಾಸಿಕೊಂಡು ಕುಳಿತಿದ್ದರು. ಅಪ್ಪನಿಗೆ ಫೋನ್ ಮಾಡಬಹುದಿತ್ತು. ಆದರೆ ಇದು ಫೋನಿನಲ್ಲಿ ಹೇಳುವ ಮಾತಲ್ಲ ಅನ್ನಿಸಿ, ಭಾನುವಾರ ತಾಂಡೂರಿನ ಬಸ್ಸು ಹತ್ತಿದೆ.

ತಾಂಡೂರು ಬಂತೆಂದರೆ ರಸ್ತೆಯ ಎರಡೂ ಬದಿಗೆ ಹಾಸುಗಲ್ಲಿನ ಒಟ್ಟಿಲು. ಮಾರುಕಟ್ಟೆಯ ಮುಂದೆ ತೊಗರಿ ಚೀಲದ ಗಾಡಿಗಳು ಸಾಲುಗಟ್ಟಿ ನಿಂತಿದ್ದವು. ಬಸ್ಸಿನಲ್ಲಿ ನನ್ನ ಪಕ್ಕದಲ್ಲಿದ್ದ ಹೆಂಗಸು ದಾರಿಯುದ್ದಕ್ಕೂ ತನ್ನ ಸೊಸೆಯನ್ನು ಬೈಯುತ್ತ ಬಂದಿದ್ದಳು. ಎಷ್ಟು ಹಾಯೆನಿಸಿತ್ತೆಂದರೆ, ಇಳಿಯುವಾಗ ಇನ್ನಷ್ಟು ಬೈಯಬಾರದಿತ್ತೇ ಅನ್ನಿಸಿತು. ಅಲ್ಲಿಂದ ಆಟೋ ಹಿಡಿದು ಯಾಲಾಲ್ ಕಡೆ ಹೋದೆ. ಅಪ್ಪ ರಸ್ತೆಯಿಂದ ಸ್ವಲ್ಪ ಒಳಗೆ ಒಂದು ತೊಗರಿ ಹೊಲದಲ್ಲಿದ್ದ. ನನ್ನನ್ನು ಕಂಡು ಎದ್ದು ನಿಂತ.

“ಯಾಕವಾ, ಮನ್ಯಾಗ ಎಲ್ಲಾರೂ ಆರಾಮ ಅದಾರಿಲ್ಲೋ?”

ಆರಾಮಿದ್ದಾರೆ ಎಂದೆ. ಕುಳಿತು ಎಲ್ಲವನ್ನೂ ಹೇಳಿದೆ. ಪುಸ್ತಿಕೆ, ಕಾರು, ಐವತ್ತೆಂಟು ಕುರಿ, ನೋಟೀಸು. ಆ ಅಂಕಣ ಯಾತಕ್ಕೆಂದು ನನಗೆ ಮೊದಲೇ ಗೊತ್ತಿತ್ತು ಎಂಬುದನ್ನೂ ಹೇಳಿದೆ. ಅಪ್ಪ ಬೀಡಿ ಹಚ್ಚುವುದನ್ನು ಮರೆತು ಕೇಳಿಸಿಕೊಂಡ.

“ನಮ್ಮವು ಎಷ್ಟಂತ ಬರದಿ?”

“ಆರು.”

ಅಪ್ಪ ಮಂದೆಯ ಕಡೆ ನೋಡಿದ, ಅದರ ಸುತ್ತ ಓಡಾಡುತ್ತಿದ್ದ ಎರಡು ನಾಯಿಗಳನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. “ಆರು ಕುರಿ ಇದ್ದಾಂವಗ ಎರಡು ನಾಯಿ ಯಾಕ ಬೇಕ ಹುಚ್ಚೀ” ಎಂದು ನಕ್ಕುಬಿಟ್ಟ. ನನಗೆ ಅಳು ಬಂತು. ಬೈದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ.

ಮರೆತಿದ್ದ ಬೀಡಿ ಹಚ್ಚಿಕೊಂಡು ಅಪ್ಪ ಕೇಳಿದ: “ಈಗ ಏನ್ ಮಾಡಾಕ ಬರ್ತದ?”

“ಕಚೇರಿಗೆ ಬಂದು ಖರೇ ಅಂಕಿ ಹೇಳಬೇಕು ಅಪ್ಪಾ. ಬಾಯಿಬಿಟ್ಟು. ಎಲ್ಲರ ಮುಂದ.”

ಅಪ್ಪ ಬುತ್ತಿಯ ಗಂಟು ತೆಗೆದ. ರೊಟ್ಟಿ ಬಿಚ್ಚಿ ಅರ್ಧ ನನಗೆ ಕೊಟ್ಟ. ಹೊರಡುವಾಗ ಆಟೋದ ತನಕ ಬಂದು, “ಉಳಿದ ಮಂದೀಗಿ ನಾ ಹೇಳ್ತೀನಿ, ನೀ ಹೋಗು” ಎಂದಷ್ಟೇ ಹೇಳಿದ. ಬರುತ್ತಾನೋ ಇಲ್ಲವೋ ಎಂಬುದು ನನಗೆ ತಿಳಿಯಲಿಲ್ಲ. ಆ ವಾರವೆಲ್ಲ ನಾನು ಟೈಪ್ ಮಾಡಿದ ಕಾಗದಗಳಲ್ಲಿ ತಪ್ಪುಗಳು ತುಂಬಿದ್ದವು, ಮೇಡಂ ಕೆಂಪು ಪೆನ್ನಿನಿಂದ ಸುತ್ತು ಹಾಕಿ ಹಾಕಿ ವಾಪಸು ಕಳಿಸಿದರು.

ಕೊನೆಯ ದಿನ ಹನ್ನೊಂದು ಗಂಟೆಗೆ ಹನ್ನೊಂದು ಮನೆಯ ಹನ್ನೊಂದು ಜನ ಕಚೇರಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟರು. ಮಂದೆಗಳನ್ನು ಹೆಂಗಸರಿಗೆ ಒಪ್ಪಿಸಿ ಬಂದಿದ್ದರು. ಕುರ್ಚಿಗಳಿದ್ದರೂ ಯಾರೂ ಕೂರಲಿಲ್ಲ. ಅಪ್ಪ ತೆಲುಗು, ಕನ್ನಡ ಬೆರೆಸಿ ಮಾತಾಡಿದ. ಮೇಡಂಗೆ ತಿಳಿಯದಿದ್ದ ಕಡೆ ನಾನು ತೆಲುಗಿಗೆ ತಿರುಗಿಸಿದೆ.

“ಆ ಗಾಯರಾಣ ನಮಗ ಬೇಕ್ರಿ. ಮಳಿಗಾಲದಾಗ ಕುರಿ ಮೇಸಾಕ ಬ್ಯಾರೆ ಜಾಗ ಇಲ್ಲ.”

“ಆದರೆ ನಿಮ್ಮ ಕುರಿಗಳು ಬಹಳ ಕಡಿಮೆ ಇವೆಯಲ್ಲ?” ಎಂದರು ಮೇಡಂ.

“ಭಾಳ ಅದಾವ್ರಿ.”

“ಬಹಳ ಎಂದರೆ ಎಷ್ಟು? ನನಗೆ ಅಂಕಿ ಬೇಕು.”

ಅಪ್ಪ ತಲೆಗೆ ಸುತ್ತಿದ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡ. ಹಿಂದೆ ನಿಂತವರು ನೆಲ ನೋಡುತ್ತಿದ್ದರು. ಆಮೇಲೆ ಅಪ್ಪ ಮೆಲ್ಲಗೆ ಹೇಳಿದ: “ಇನ್ನೂರಾ ಹದಿನಾಲ್ಕು. ಅದರಾಗ ಮೂವತ್ತೊಂದು ಮರಿ.”

ನಾನು ಅದನ್ನು ತೆಲುಗಿಗೆ ತಿರುಗಿಸುವುದನ್ನೇ ಮರೆತು ನಿಂತೆ. ಅಪ್ಪನಿಗೆ ಗೊತ್ತಿತ್ತು. ಇಷ್ಟು ವರ್ಷ, ದಿನಾ ಸಂಜೆ, ಒಂದೊಂದನ್ನೂ ಅವನು ಎಣಿಸುತ್ತಲೇ ಇದ್ದ. ಹೊರಗೆ ಹೇಳಿರಲಿಲ್ಲ, ಅಷ್ಟೇ. ಅಪ್ಪನ ಹಿಂದಿನವನು ತನ್ನದು ಹೇಳಿದ, ಆಮೇಲೆ ಅವನ ಪಕ್ಕದವನು. ಹೀಗೆ ಒಬ್ಬೊಬ್ಬರೂ ತಲೆ ತಗ್ಗಿಸಿ, ಏನೋ ತಪ್ಪು ಒಪ್ಪಿಕೊಳ್ಳುವವರಂತೆ ಅಂಕಿ ಹೇಳಿದರು. ಅವರ ಭಯ ನನಗೆ ಗೊತ್ತಿದ್ದದ್ದೇ. ಆ ಹೊತ್ತಿಗೆ ಅವರ ಮೇಲೆ ನನಗೆ ಹುಟ್ಟಿದ ಪ್ರೀತಿಯನ್ನು ಹೇಳಲು ಇವತ್ತಿಗೂ ಸರಿಯಾದ ಮಾತು ಸಿಕ್ಕಿಲ್ಲ.

ಮುಂದೆ ಏನಾಯಿತೆಂದು ಮೊದಲೇ ಹೇಳಿಬಿಡುತ್ತೇನೆ. ಪಶುವೈದ್ಯರು ಹೋಗಿ ಮಂದೆಗಳನ್ನು ನೋಡಿ ಬಂದರು, ಅಂಕಿ ಸರಿಯಿದೆ ಎಂದು ಬರೆದರು. ನಕ್ಷೆ ಬದಲಾಯಿತು. ಕೆರೆಯ ಕಡೆಯ ದೊಡ್ಡ ಪಾಲು ಊರಿಗೆ ಉಳಿಯಿತು, ಹೆದ್ದಾರಿಯ ಕಡೆಯದು ಕಂಪನಿಗೆ ಹೋಯಿತು. ಕಂಪನಿಯವರು ಬೀದರಿಗೇನೂ ಓಡಿಹೋಗಲಿಲ್ಲ. ಒಂದಿಷ್ಟು ಗೊಣಗಿ, ರಿಯಾಯಿತಿಯನ್ನು ಇನ್ನೊಂದು ವರ್ಷ ಹೆಚ್ಚಿಸಿಕೊಂಡು, ಶೆಡ್ಡು ಕಟ್ಟಿದರು. ಈಗ ಮಳೆಗಾಲದಲ್ಲಿ ಗೋಡೆಯ ಆಚೆ ಯಂತ್ರದ ಸದ್ದು, ಈಚೆ ಕುರಿಗಳು.

ಅವತ್ತು ಎಲ್ಲರೂ ಅಂಕಿ ಹೇಳಿ ಮುಗಿಸಿದ ಮೇಲೆ ಮೇಡಂ ಹಳೆಯ ಹಾಳೆಗಳನ್ನು ಮುಂದೆಳೆದುಕೊಂಡರು. “ಇದನ್ನು ನಾನು ಮೇಲಿನವರಿಗೆ ಕಳಿಸಬೇಕು. ತಪ್ಪು ಅಂಕಿ ಹೇಗೆ ಬಂತು ಎಂದು ಕೇಳುತ್ತಾರೆ. ಹೇಳಿದವರ ತಪ್ಪೋ, ಬರೆದವರ ತಪ್ಪೋ?” ಎಂದರು. ಆ ಊರು ನನ್ನದೆಂದಾಗಲಿ, ಅಲ್ಲಿ ಲೆಕ್ಕ ಬರೆದವಳು ನಾನೆಂದಾಗಲಿ ಮೇಡಂಗೆ ಗೊತ್ತಿರಲಿಲ್ಲ; ಬರೆದವರ ಸಹಿ ಹಾಳೆಯ ಹಿಂಬದಿಯಲ್ಲಿತ್ತು. ಅವರ ಬೆರಳು ಹಾಳೆ ತಿರುವಲು ಹೊರಟಿತ್ತು. ಹೊಸ ವರ್ಷಕ್ಕೂ ನನ್ನ ನೌಕರಿ ಮುಂದುವರಿಸುವ ಆದೇಶಕ್ಕೆ ಅವರ ರುಜು ಇನ್ನೂ ಬಿದ್ದಿರಲಿಲ್ಲ.

“ನಾ ಸುಳ್ಳು ಹೇಳೀನ್ರಿ, ನನ್ನ ನೋಡಿ ಇವರೂ ಹೇಳ್ಯಾರ,” ಎಂದ ಅಪ್ಪ. “ಬರದ ಹುಡುಗೀದು ಏನೂ ತಪ್ಪಿಲ್ಲ. ಪಾಪ, ನಾ ಹೇಳಿದ್ದು ಬರಕೊಂಡು ಹೋಗ್ಯಾಳ.”

ಬರೆದ ಹುಡುಗಿ ಎಂದ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಮೇಡಂ ಹಾಳೆ ತಿರುವದೆ ಕಡತ ಮುಚ್ಚಿ, ಹೇಳಿಕೆ ಟೈಪ್ ಮಾಡು ಎಂದರು. ನಾನು ಕುಳಿತು ತೆಲುಗಿನಲ್ಲಿ ಟೈಪ್ ಮಾಡಿದೆ: ನಾನು ಸಮೀಕ್ಷೆಯ ವೇಳೆ ನನ್ನ ಕುರಿಗಳ ಬಗ್ಗೆ ಸುಳ್ಳು ಮಾಹಿತಿ ಕೊಟ್ಟಿರುತ್ತೇನೆ, ಉಳಿದವರೂ ನನ್ನನ್ನು ನೋಡಿಯೇ ಹಾಗೆ ಹೇಳಿರುತ್ತಾರೆ, ಇದಕ್ಕೆ ನಾನೇ ಹೊಣೆ. ಬೆರಳಚ್ಚು ಯಂತ್ರದ ಮೇಲಾಗಲಿ ಕಂಪ್ಯೂಟರಿನ ಮೇಲಾಗಲಿ ನನ್ನ ಬೆರಳುಗಳು ಎಂದೂ ಅಷ್ಟು ತಪ್ಪಿಲ್ಲದೆ ಓಡಿರಲಿಲ್ಲ. ಹಾಳೆಯನ್ನು ಅಪ್ಪನ ಮುಂದೆ ಇಟ್ಟೆ.

“ಏನದ ಇದರಾಗ, ಓದ್ರಿ ಮೇಡಂ” ಎಂದ ಅಪ್ಪ.

ಕನ್ನಡದಲ್ಲಿ ಓದಿ ಹೇಳಿದೆ. ಒಂದು ಶಬ್ದವನ್ನೂ ಬಿಡಲಿಲ್ಲ. ಅಪ್ಪ ತಲೆಯಾಡಿಸಿ, “ಬರೋಬರಿ ಅದ” ಎಂದು ಪೆನ್ನು ತೆಗೆದುಕೊಂಡ. ನಿಧಾನವಾಗಿ, ಒಂದೊಂದೇ ಅಕ್ಷರ ಕೂಡಿಸಿ ರುಜು ಮಾಡಿದ. ಆಗಲೂ ನಾನು ಬಾಯಿ ಬಿಡಬಹುದಿತ್ತು. ಮೇಡಂ ಎದುರಿಗೇ ಇದ್ದರು. ಈ ಮನುಷ್ಯ ನನ್ನ ಅಪ್ಪ, ತಿಳಿದೂ ತಿಳಿದೂ ಆರು ಎಂದು ಬರೆದವಳು ನಾನು ಎಂದು ಎರಡು ಮಾತು ಹೇಳಿದ್ದರೆ ಸಾಕಿತ್ತು. ನಾನು ಹೇಳಲಿಲ್ಲ.

ಬಸ್ ಸ್ಟ್ಯಾಂಡಿನ ತನಕ ಹಿಂದೆಯೇ ಹೋಗಿ, “ನಾ ಹೇಳಬೇಕಿತ್ತು ಅಪ್ಪಾ” ಎಂದೆ. “ಕುರಿಗಿ ಜಾಗ ಬೇಕಿತ್ತು, ನಿನಗ ನೌಕರಿ ಬೇಕಿತ್ತು. ಎರಡೂ ಆತಲ್ಲ, ಹೋಗು, ಕೆಲಸಕ್ಕ ತಡಾ ಆಗ್ತದ” ಎಂದು ಅಪ್ಪ ಬಸ್ಸು ಹತ್ತಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

ನೌಕರಿ ಉಳಿಯಿತು, ಆಮೇಲೆ ಕಾಯಂ ಕೂಡ ಆಯಿತು. ಆ ಕಡತ ನನ್ನ ಮೇಜಿನ ಹಿಂದಿನ ಬೀರುವಿನಲ್ಲಿದೆ. ಯಾರಾದರೂ ನಮ್ಮ ಊರಿನ ಜಾಗದ ಮಾತೆತ್ತಿದಾಗ ಅದನ್ನು ತೆಗೆದುಕೊಡಬೇಕಾದವಳು ನಾನೇ. ಸುಳ್ಳು ಹೇಳಿದವರು ಎಂಬಲ್ಲಿ ಅಪ್ಪನ ಹೆಸರಿದೆ. ಅದೇ ಹಾಳೆಯ ಕೆಳಗೆ, ಟೈಪ್ ಮಾಡಿದವರು ಎಂಬಲ್ಲಿ, ನನ್ನದು.